ದುಡ್ಡು ಕೊಟ್ಟು ತಗೊಂಡ ಇ-ಪುಸ್ತಕ ನಮ್ಮದೇ ಹೌದಾ?

ಅಘನಾಶಿನಿ, ಕುಮಟಾ:
ನಮ್ಮ ಓದುಗರ ಬಳಗದ ಕಪಾಟಿನ ಪುಸ್ತಕಗಳಿಗೆ ಮಳೆಗಾಲ ಬಂತೆಂದರೆ ಬೂಸ್ಟು, ಬೈಂಡಿಂಗ್ ಬಿಟ್ಟುಕೊಳ್ಳುತ್ತದೆ. ಇನ್ನು ಇ-ಪುಸ್ತಕ ಕೊಂಡು, ಒಂದು ಕಿಂಡಲ್ (ಅಮೆಜಾನಿನ ಇ-ಪುಸ್ತಕ ಓದುವ ಸಾಧನ) ಇಟ್ಟು ಸದಸ್ಯರಿಗೆ ಸರದಿಯಲ್ಲಿ ಕೊಡೋಣ ಎಂಬ ಮಾತಿದೆ. ಕೊಂಡದ್ದು ಬಳಗದ ಸ್ವತ್ತಾಗುತ್ತದಾ? ಬೇಡವಾದರೆ ಮಾರಬಹುದಾ?

ಮಾರಿಗುಡಿ ಬೀದಿ, ಶಿರಸಿ:
ಸ್ವತ್ತಾಗುವುದಿಲ್ಲ, ಸಿಗುವುದು ಓದುವ ಪರವಾನಗಿ. ಕಾಗದದ ಪುಸ್ತಕದ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ ಒಮ್ಮೆ ಮಾರಾಟವಾದ ಪ್ರತಿ ಚಲಾವಣೆಗೆ ಬಂದ ಹಾಗೆ. ಅದನ್ನು ಮತ್ತೆ ಮಾರಲು, ಎರವಲು ಕೊಡಲು ಯಾರ ಅಪ್ಪಣೆಯೂ ಬೇಡ. ಇ-ಪುಸ್ತಕ ಕಳಿಸಿದಾಗ ನಿಮ್ಮ ಪ್ರತಿ ಕೈ ಬದಲಿಸುವುದಿಲ್ಲ, ಹೊಸ ನಕಲು ಹುಟ್ಟುತ್ತದೆ. ನಕಲು ಮಾಡುವ ಹಕ್ಕು ಕೃತಿಸ್ವಾಮ್ಯ ಇರುವ ಹಕ್ಕುದಾರರದ್ದು. ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2019ರ ಡಿಸೆಂಬರಿನಲ್ಲಿ ಟಾಮ್ ಕ್ಯಾಬಿನೆಟ್ ಎಂಬ ಹಳೆ ಇ-ಪುಸ್ತಕ ಮಾರುವ ತಾಣದ ಪ್ರಕರಣದಲ್ಲಿ, ಓದಿದ ಇ-ಪುಸ್ತಕ ಮರುಮಾರಲು ಹಕ್ಕುದಾರರ ಒಪ್ಪಿಗೆ ಬೇಕು ಎಂದಿತು. ಆ ತೀರ್ಪು ನಮಗೆ ಅನ್ವಯಿಸದು, ತರ್ಕ ಮಾತ್ರ ಇದೇ.

ಕಿಂಡಲ್ ಒಪ್ಪಂದದಲ್ಲೇ ಮಾರಾಟವಲ್ಲ, ಪರವಾನಗಿ ಎಂದು ಬರೆದಿದೆ. ಜಿಎಸ್‌ಟಿಯಲ್ಲೂ ಇದು ಸರಕಲ್ಲ, ಸೇವೆ. ಮುದ್ರಿತ ಪುಸ್ತಕಕ್ಕೆ ತೆರಿಗೆಯೇ ಇಲ್ಲ. ಅದರ ಇ-ರೂಪಕ್ಕಿದ್ದ 18 ಶೇಕಡಾವನ್ನು 2018ರ ಜುಲೈನಲ್ಲಿ 5ಕ್ಕೆ ಇಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಪರವಾನಗಿಯನ್ನು ‘ಖರೀದಿ’ ಎಂದು ಕರೆಯುವ ಅಂಗಡಿ, ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಗಿರಾಕಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಇಲ್ಲೂ ಅಂಥ ನಿಯಮ ಬರಲೇಬೇಕು.

ಕಾಳಿ ಸೇತುವೆ, ಕಾರವಾರ:
ಕಿಂಡಲ್ ಕೈಯಿಂದ ಕೈಗೆ ಹೋದರೆ ನಕಲೇನೂ ಆಗುವುದಿಲ್ಲ, ಆ ಮಟ್ಟಿಗೆ ತಕರಾರು ಕಡಿಮೆ. ಆದರೆ ಪರವಾನಗಿ ಸ್ವಂತ, ವಾಣಿಜ್ಯೇತರ ಬಳಕೆಗೆ ಮಾತ್ರ. ಓದಲು ಬಾಡಿಗೆ ವಸೂಲಿ ಮಾಡಬೇಡಿ. ಇನ್ನೊಂದು, ಖಾತೆ ಖಜಾಂಚಿಯ ಸ್ವಂತ ಮೊಬೈಲ್ ನಂಬರಿನಲ್ಲಿದ್ದರೆ ಅವರು ಊರು ಬಿಟ್ಟ ದಿನ ಪುಸ್ತಕಗಳೂ ಹೋದವು. ಬಳಗಕ್ಕೇ ಪ್ರತ್ಯೇಕ ಇಮೇಲ್ ಮಾಡಿಸಿ, ಪಾಸ್‌ವರ್ಡ್ ಇಬ್ಬರ ಹತ್ತಿರ ಇರಲಿ, ಪ್ರತಿ ಬಿಲ್ಲಿನ ಪಿಡಿಎಫ್ ತೆಗೆದಿಡಿ.

ಕೊಂಡ ಪುಸ್ತಕ ಕಿತ್ತುಕೊಳ್ಳುತ್ತಾರೆ ಎಂಬುದು ಬರೀ ಹೆದರಿಕೆಯಲ್ಲ ಮಾರಾಯ್ರೆ. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲ ಎಂದು ಜಾರ್ಜ್ ಆರ್ವೆಲ್‌ರ ಕಾದಂಬರಿಗಳನ್ನು ಗಿರಾಕಿಗಳ ಕಿಂಡಲಿನಿಂದಲೇ ಅಳಿಸಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ದುಡ್ಡು ವಾಪಸ್ ಕೊಟ್ಟಿತು, ಪುಸ್ತಕ ಉಳಿಯಲಿಲ್ಲ. ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿಯಲ್ಲಿ ಹಾಕಿಕೊಳ್ಳುವ ಸೌಲಭ್ಯವನ್ನೂ 2025ರ ಫೆಬ್ರವರಿ 26ಕ್ಕೆ ನಿಲ್ಲಿಸಿದರು.

ಸಾಧ್ಯವಿದ್ದಲ್ಲಿ ಡಿಆರ್‌ಎಂ ಬೀಗ (ನಕಲು ತಡೆಯುವ ತಾಂತ್ರಿಕ ವ್ಯವಸ್ಥೆ) ಇಲ್ಲದ ಇಪಬ್ (ಇ-ಪುಸ್ತಕದ ಒಂದು ಫೈಲ್ ರೂಪ) ಮಾರುವ ಪ್ರಕಾಶಕರಿಂದಲೇ ತಗೊಳ್ಳಿ. ಗೂಗಲ್ ಪ್ಲೇ ಬುಕ್ಸಿನಲ್ಲಾದರೆ ಕಂಪ್ಯೂಟರಿನಲ್ಲಿ ಪುಸ್ತಕದ ಮೂರು ಚುಕ್ಕಿ ಒತ್ತಿ ‘ಎಕ್ಸ್‌ಪೋರ್ಟ್’ ನೋಡಿ. ನೇರ ಇಪಬ್ ಬಂದರೆ ಬೀಗವಿಲ್ಲ. ಎಸಿಎಸ್‌ಎಂ ಎಂಬ ಪುಟ್ಟ ಫೈಲ್ ಬಂತೋ, ಅದರೊಳಗೆ ಪುಸ್ತಕವೇ ಇಲ್ಲ. ಅಡೋಬಿ ಡಿಜಿಟಲ್ ಎಡಿಷನ್ಸ್‌ನಲ್ಲಿ ತೆರೆದರಷ್ಟೇ ಇಳಿಯುತ್ತದೆ, ಬೀಗದ ಸಮೇತ.

ಅಘನಾಶಿನಿ, ಕುಮಟಾ:
ಬೀಗ ತೆಗೆಸಿಬಿಟ್ಟರೆ? ಇನ್ನು, ಕಾರಣ ಹೇಳದೆ ಖಾತೆ ಬಂದ್ ಮಾಡಿದರೆ ಕೇಳುವುದೆಲ್ಲಿ?

ಮಾರಿಗುಡಿ ಬೀದಿ, ಶಿರಸಿ:
ಮಾಡಬೇಡಿ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮಿನಡಿ, ಹಕ್ಕುಚ್ಯುತಿಯ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ದಂಡ. ಬೀಗ ತೆಗೆದು ಸದಸ್ಯರಿಗೆಲ್ಲ ನಕಲು ಹಂಚಿದರೆ ಆ ಉದ್ದೇಶ ಅಲ್ಲ ಎನ್ನುವುದು ಕಷ್ಟ. ಬೀಗವೇ ಇಲ್ಲದ ಫೈಲಾದರೂ ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ.

ಖಾತೆ ಬಂದ್ ಆದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಸೇವಾನ್ಯೂನತೆ ಎಂದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದೊಳಗಿನ ಖರೀದಿಗೆ ಶುಲ್ಕವಿಲ್ಲ, ಅವಧಿ 2 ವರ್ಷ, ಇ-ಜಾಗೃತಿ ಪೋರ್ಟಲ್‌ನಲ್ಲೂ ಆಗುತ್ತದೆ. ಒಪ್ಪಂದವೇ ಅನ್ಯಾಯದ್ದು ಎಂದು ವಾದಿಸುವುದಾದರೆ ಮಾತ್ರ ಅದು ಬೆಂಗಳೂರಿನ ರಾಜ್ಯ ಆಯೋಗದ ವ್ಯಾಪ್ತಿ.

ಕಾಳಿ ಸೇತುವೆ, ಕಾರವಾರ:
ನಕಲು ಮಾಡಿ ಹಂಚಲೇಬೇಕೆಂದರೆ ಹಕ್ಕಿನ ಅವಧಿ ಮುಗಿದದ್ದನ್ನು ಆರಿಸಿ. ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಎಣಿಸಿ. ಅಂಕೋಲೆಯ ದಿನಕರ ದೇಸಾಯಿ ತೀರಿಕೊಂಡದ್ದು 1982ರಲ್ಲಿ; ಅವರು ಬದುಕಿದ್ದಾಗ ಅಚ್ಚಾದ ಚುಟುಕಗಳಿಗೂ 2042ರ ಕೊನೆಯವರೆಗೆ ಹಕ್ಕಿದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಅಚ್ಚು ಹಾಕಿಸಿದ್ದು ಧಾರಾಳವಾಗಿ ಹಂಚಬಹುದು. ಈಚಿನ ಸಂಪಾದಕರ ಮುನ್ನುಡಿ, ಟಿಪ್ಪಣಿ ಸೇರಿದ್ದರೆ ಅಷ್ಟು ಭಾಗ ಬಿಟ್ಟು.