ಅಪ್‌ಡೇಟ್: ಕೊಡಗಿನ ಕಕ್ಕಬ್ಬೆ ಬೆಟ್ಟದ ಲಾಡ್ಜಿಗೆ ಮತ್ತೆ ಊಟಕ್ಕೆ ಹೋಗಿ ಬಂದೆವು

ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆಯಾ? ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಆ ಹಳೇ ಹೆಂಚಿನ ಲಾಡ್ಜಿಗೆ ಮಳೆಗಾಲದಲ್ಲಿ, ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ರಾತ್ರಿ ಊಟಕ್ಕೆ ಹೋಗಬಹುದಾ ಅಂತ. ಹೋಗಿ ಬಂದೆವು, ಅಮ್ಮ ಇನ್ನೂ ಅದೇ ಮಾತಾಡುತ್ತಿದ್ದಾರೆ.

ಕೆಲಸಕ್ಕೆ ಬಂದಿದ್ದು "ಹಿಂದಿನ ದಿನವೇ ಫೋನ್ ಮಾಡಿ, ಎಷ್ಟು ಜನ ಅಂತ ಹೇಳಿ" ಅಂದವರ ಸಲಹೆ. ಅಲ್ಲಿ ಲೆಕ್ಕ ಹಾಕಿಯೇ ಅಡುಗೆ ಮಾಡುವುದು, ಸುಮ್ನೆ ಹೋಗಿ ನಿಂತರೆ ಊಟ ಸಿಗುವುದಿಲ್ಲ. ಕೊನೆಯ ಏರಿಗೆ ಅವರದೇ ಜೀಪ್ ಕೇಳಿ ಅಂದಿದ್ದೂ ಸರಿಯಾಯಿತು. ಮೊಬೈಲ್ ಮ್ಯಾಪ್ ನಂಬಿದ್ದು ಮಾತ್ರ ತಪ್ಪು. ಅರ್ಧ ದಾರಿಯಲ್ಲಿ ಸಿಗ್ನಲ್ ಹೋಯಿತು, ಮಂಜು ಬೇರೆ, ಕೊನೆಗೆ ಅಂಗಡಿಯೊಂದರಲ್ಲಿ ಕೇಳಿಕೊಂಡು ಹೋದೆವು. ಕತ್ತಲಾಗುವ ಮುಂಚೆ ತಲುಪಿ, ದಯವಿಟ್ಟು. ಜಿಗಣೆಗೆ ಉಪ್ಪು ಇಟ್ಟುಕೊಂಡಿರಿ.

ಊಟ? ಬಿಸಿ ಕಡಂಬುಟ್ಟು (ಆವಿಯಲ್ಲಿ ಬೇಯಿಸಿದ ಅಕ್ಕಿ ಉಂಡೆ), ಪಂದಿ ಕರಿ ಅಂದರೆ ಹಂದಿ ಮಾಂಸದ ಸಾರು, ಅಮ್ಮನಿಗೆ ಬೈಂಬಳೆ ಅಂದರೆ ಕಳಲೆ (ಎಳೆ ಬಿದಿರಿನ ಮೊಳಕೆ) ಸಾರು. ಪಂದಿ ಕರಿಯಲ್ಲಿನ ಹುಳಿ ಹುಣಸೆಯದು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಲ್ಲ, ಅದು ಕಾಚಂಪುಳಿ! ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿ ಇಟ್ಟುಕೊಳ್ಳುತ್ತಾರೆ, ಅದನ್ನು ಹಾಕುವುದು ಕೊನೆಯಲ್ಲಿ. ಅಡುಗೆಮನೆಯ ಅಕ್ಕ ಬಾಟಲಿ ತಂದು ತೋರಿಸಿದರು, ಒಂದು ಹನಿ ನಾಲಿಗೆಗೆ ಇಟ್ಟರೆ ಸಾಕು, ಜಾಸ್ತಿ ಬೇಡ. ಕಡಂಬುಟ್ಟಿಗೂ ಅಕ್ಕಿ ಹಿಟ್ಟಲ್ಲ, ಅಕ್ಕಿ ತರಿ ಬೇಕಂತೆ.

ಎಂಟು ವರ್ಷದ ಹಿಂದೆ ಅಪ್ಪ ಕೂತಿದ್ದ ಅದೇ ಒಲೆ ಪಕ್ಕದ ಬೆಂಚಿನಲ್ಲಿ ಅಮ್ಮ ಕೂತು, ಎರಡನೇ ಸಲ ಸಾರು ಹಾಕಿಸಿಕೊಂಡರು. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.