ಮನೆ ಹಿಂದಿನ ಬರೆ ಜಾರುತ್ತಿದೆ: ತಡೆಗೋಡೆ ಮೊದಲೋ, ನೀರು ಮೊದಲೋ?

ಪ್ರಶ್ನೆ: ಮಡಿಕೇರಿ ತಾಲ್ಲೂಕು. ಮನೆ ಹಿಂದೆ 12 ಅಡಿ ಎತ್ತರಕ್ಕೆ ನೆಟ್ಟಗೆ ಕಡಿದ ಬರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ), ಅದರ ಮೇಲೆ ಅರ್ಧ ಎಕರೆ ಕಾಫಿ ತೋಟ. ಕಳೆದ ಮಳೆಯಲ್ಲಿ ಒಂದು ಪಿಕಪ್ಪಿನಷ್ಟು ಮಣ್ಣು ಜಾರಿ ಬುಡದಲ್ಲಿ ಬಿದ್ದಿದೆ. ಅಂಚಿನಿಂದ 6 ಅಡಿ ಹಿಂದೆ ಬೆರಳು ತೂರುವಷ್ಟು ಬಿರುಕು. ಜೆಸಿಬಿ ತಂದು ಮಣ್ಣು ತೆಗೆದು ಕಾಂಕ್ರೀಟ್ ಗೋಡೆ ಕಟ್ಟೋಣ ಅಂತಾರೆ ಮೇಸ್ತ್ರಿ. ಈಗ ಏಪ್ರಿಲ್. ಅನುಭವ ಇದ್ದವರು ತಿಳಿಸಿ.

ಮಡಿಕೇರಿಯಿಂದ:
ಜೆಸಿಬಿಗೆ ಈಗಲೇ ಬೇಡ ಅನ್ನಿ. ಬುಡದಲ್ಲಿ ಬಿದ್ದಿರುವ ಆ ಮಣ್ಣೇ ಸದ್ಯಕ್ಕೆ ಬರೆಗೆ ಊರುಗೋಲು. ಅದನ್ನು ಬಾಚಿದರೆ ಬಿರುಕಿನಿಂದ ಈಚೆಗಿರುವುದೆಲ್ಲ ಒಟ್ಟಿಗೆ ಬರಬಹುದು.

ಮೊದಲ ಕೆಲಸ ಬಿರುಕಿನದು. ಅದರೊಳಗೆ ನೀರು ಇಳಿದರೆ ಮಣ್ಣಿನ ತೂಕವೂ ಹೆಚ್ಚುತ್ತದೆ, ಕಣಗಳ ನಡುವಿನ ಹಿಡಿತವೂ ಸಡಿಲವಾಗುತ್ತದೆ. ಬಿರುಕಿನ ಉದ್ದಕ್ಕೂ 1 ಅಡಿ ಅಗಲ, ಒಂದೂವರೆ ಅಡಿ ಆಳ ಬಿಡಿಸಿ, ಜಿಗುಟು ಮಣ್ಣನ್ನು ತುಸು ಒದ್ದೆ ಮಾಡಿ 4 ಇಂಚಿನ ಪದರಗಳಲ್ಲಿ ತುಂಬಿ ದಿಮ್ಮಸು ಹೊಡೆಯಿರಿ. ಮೇಲ್ಭಾಗ ಸುತ್ತಲಿಗಿಂತ ಸ್ವಲ್ಪ ಉಬ್ಬಿರಲಿ. ಸಿಮೆಂಟ್ ಸುರಿಯಬೇಡಿ. ಮಣ್ಣು ಒಂದಿಷ್ಟು ಸರಿದರೂ ಅದರ ಪಕ್ಕದಲ್ಲೇ ಹೊಸ ಸೀಳು ಬಿಡುತ್ತದೆ.

ಆಮೇಲೆ ಬಿರುಕಿನಿಂದ 10 ಅಡಿ ಮೇಲೆ ಒಂದು ಅಡ್ಡ ಚರಂಡಿ: ಒಂದೂವರೆ ಅಡಿ ಅಗಲ, 1 ಅಡಿ ಆಳ, 100 ಅಡಿಗೆ 1ರಿಂದ 2 ಅಡಿ ಇಳಿಜಾರು. ತಳಕ್ಕೆ ಕಲ್ಲು-ಸಿಮೆಂಟ್ ಬೇಕೇ ಬೇಕು. ಬರೀ ಮಣ್ಣಿನ ಚರಂಡಿ ತೋಡಿಬಿಟ್ಟರೆ ಅದೇ ಮುಂದಿನ ಬಿರುಕು. ಅರ್ಧ ಎಕರೆ ಮೇಲೆ 100 ಮಿ.ಮೀ. ಮಳೆ ಅಂದರೆ 2 ಲಕ್ಷ ಲೀಟರ್. ಎಲ್ಲವೂ ಹರಿದು ಬರುವುದಿಲ್ಲ ನಿಜ, ಆದರೆ ನೆನೆದ ನೆಲದಲ್ಲಿ ಬಹುಪಾಲು ಬರುತ್ತದೆ. ಅದನ್ನು ಹಳ್ಳಕ್ಕೇ ಮುಟ್ಟಿಸಿ, ಪಕ್ಕದವರ ಬರೆ ತಲೆಗಲ್ಲ. ಬರೆಯ ಮೇಲಿನ ಸಾಲುಗಳಲ್ಲಿ ತೊಟ್ಟಿಲು ಗುಂಡಿ (ಗಿಡಗಳ ನಡುವೆ ನೀರು ಇಂಗಿಸಲು ತೋಡುವ ಗುಂಡಿ) ಇದ್ದರೆ ಮುಚ್ಚಿ. ಕಾಫಿಗೆ ಅದು ಒಳ್ಳೆಯದೇ, ಬರೆಗಲ್ಲ.

ತೀರ್ಥಹಳ್ಳಿಯಿಂದ:
ನಮ್ಮ ಕಡೆ ಇದಕ್ಕೆ ಧರೆ ಅಂತೀವಿ. ಹೆಸರು ಬೇರೆ, ಗೋಡೆ ಮಗುಚುವ ರೀತಿ ಒಂದೇ. 10 ಅಡಿ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಉದ್ದದ ಪ್ರತಿ ಅಡಿಗೂ ನೀರೊಂದೇ ಸುಮಾರು 1,400 ಕೆ.ಜಿ. ತಳ್ಳುತ್ತದೆ. ಮಣ್ಣಿನ ಒತ್ತಡ ಬೇರೆ. ಗೋಡೆ ದಪ್ಪ ಮಾಡಿ ಇದನ್ನು ಗೆಲ್ಲಲು ಹೋದರೆ ದುಡ್ಡು ಮುಗಿಯುತ್ತದೆ. ಗೋಡೆಯ ಬೆನ್ನಿಗೆ 1 ಅಡಿ ದಪ್ಪ 40 ಮಿ.ಮೀ. ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಗೋಡೆಯಲ್ಲಿ 3 ಇಂಚಿನ ಪಿವಿಸಿ ಪೈಪ್ 5 ಅಡಿಗೊಂದರಂತೆ, ಮೇಲಿನ ಸಾಲು ಕೆಳಗಿನದಕ್ಕೆ ಎಡೆ ತಪ್ಪಿಸಿ. ಪೈಪ್ ಹೊರಕ್ಕೆ ಬಾಗಿರಲಿ. ಬಟ್ಟೆ ಬಿಟ್ಟರೆ ಮಣ್ಣು ಜಲ್ಲಿಯೊಳಗೆ ಸೇರಿ ಕೆಲವೇ ಮಳೆಗಾಲದಲ್ಲಿ ಪೈಪ್ ಕಟ್ಟುತ್ತದೆ. ಧೋ ಎಂದು ಮಳೆ ಸುರಿಯುವಾಗಲೂ ಪೈಪ್ ಒಣಗಿದ್ದರೆ ಖುಷಿಪಡಬೇಡಿ, ಕಟ್ಟಿದೆಯೇ ನೋಡಿ.

ಪಾಯವನ್ನು ಒಂದೇ ಸಲಕ್ಕೆ ಉದ್ದಕ್ಕೂ ತೋಡಬಾರದು. 8-10 ಅಡಿ ತುಂಡು ಮಾಡಿಕೊಂಡು, ಒಂದು ಬಿಟ್ಟು ಒಂದು ಕಟ್ಟಿ, ಆಮೇಲೆ ನಡುವಿನದು. ಮಳೆಗೆ ಮುಂಚೆ ಮುಗಿಯುವುದಿಲ್ಲ ಅನಿಸಿದರೆ ಈ ವರ್ಷ ಶುರುವೇ ಮಾಡಬೇಡಿ. ಅರ್ಧ ತೋಡಿದ ಪಾಯದಷ್ಟು ಅಪಾಯ ಬೇರಿಲ್ಲ.

ಅಂಕೋಲೆಯಿಂದ:
ಮಣ್ಣು ಯಾವುದು ಅಂತ ಬರೆದಿಲ್ಲ. ಮೇಲೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು), ಕೆಳಗೆ ಬಿಳಿ-ಹಳದಿ-ಗುಲಾಬಿ ಬಣ್ಣದ, ಪೌಡರಿನಂತೆ ಕೈಗೆ ಹತ್ತುವ ಶೇಡಿ ಮಣ್ಣು ಇದೆಯೇ ನೋಡಿ. ಒಣಗಿದ ಗೋಲಿಯಷ್ಟು ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಟ್ಟು, ಅಲುಗಿಸದೆ 10 ನಿಮಿಷ ಕಾಯಿರಿ. ಹೆಂಟೆ ಸುಮ್ಮನೆ ಪುಡಿಯಾಗಿ ಕೂತು ನೀರು ತಿಳಿಯಾಗಿದ್ದರೆ ಅಷ್ಟು ಚಿಂತೆಯಿಲ್ಲ. ಅಂಚಿನಿಂದ ಹಾಲಿನ ಹೊಗೆಯಂತೆ ಎದ್ದು ನೀರು ಕದಡಿದರೆ ಆ ಮಣ್ಣು ನೀರಿನಲ್ಲಿ ಕರಗಿ ಹೋಗುವಂಥದು. ಕೆಳಗಿನ ಶೇಡಿ ತೊಳೆದುಹೋಗಿ ಗುಹೆಯಂತಾಗುತ್ತದೆ, ಮೇಲಿನ ಜಂಬಿಟ್ಟಿಗೆ ಚಾಚಿಕೊಂಡು ನಿಂತು ಒಂದು ದಿನ ಬಂಡೆಬಂಡೆಯಾಗಿ ಉದುರುತ್ತದೆ. ಮಣ್ಣಿನೊಳಗೆ ಹುದುಗಿದ ಗುಂಡುಕಲ್ಲೂ ಹೀಗೇ: ಅರ್ಧಕ್ಕಿಂತ ಹೆಚ್ಚು ಹೊರಗೆ ಕಂಡರೆ ಬೇಸಿಗೆಯಲ್ಲೇ ಮೇಲಿನಿಂದ ಒಡೆಸಿ ಇಳಿಸಿ, ಕೆಳಗೆ ನಿಂತು ಕೆದಕಬೇಡಿ.

2024ರ ಜುಲೈ 16ರಂದು ಇಲ್ಲಿ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿವರೆಗೂ ಬಂತು. ನಿಮ್ಮದು 12 ಅಡಿ ಬರೆ, ಹೋಲಿಕೆ ಬೇಡ. ಆದರೆ ಬುಡ ಕಡಿದ ಇಳಿಜಾರಿಗೆ ಸತತ ಮಳೆ ಬಿದ್ದಾಗ ನಡೆಯುವ ಲೆಕ್ಕ ಬೇರೆಯಲ್ಲ.

ಪ್ರಶ್ನೆ ಕೇಳಿದವರು:
ಲೋಟದ ನೀರು ಕದಡಲಿಲ್ಲ, ಸದ್ಯ. ಗೋಡೆ ಮುಂದಿನ ವರ್ಷಕ್ಕೆ. ಈ ಮಳೆಗೆ ಲಾವಂಚ, ಟಾರ್ಪಾಲ್ ಸಾಕಾ? ಅಂಚಿನಲ್ಲಿ ಎರಡು ಸಿಲ್ವರ್ ಓಕ್ ಮರಗಳೂ ಇವೆ.

ಮಡಿಕೇರಿಯಿಂದ:
ಲಾವಂಚ ಜೂನ್ ಮೊದಲ ಮಳೆಗೆ ನೆಡಿ: ಬುಡಕ್ಕೆ 2-3 ಎಸಳು, 6 ಇಂಚಿಗೊಂದು ಬುಡ, ಸಾಲು ಇಳಿಜಾರಿಗೆ ಅಡ್ಡವಾಗಿ. ನೆಟ್ಟಗಿನ ಬರೆ ಮೈಯಲ್ಲಿ ಹಿಡಿಯುವುದು ಕಷ್ಟ, ಮೇಲಿನ ಅಂಚಿಗೂ ಬುಡದ ಮಣ್ಣಿಗೂ ಹಾಕಿ. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅದು ತಡೆಯುತ್ತದೆ. 6 ಅಡಿ ಹಿಂದಿನ ಬಿರುಕಿನಿಂದ ಜಾರುವ ಮಣ್ಣನ್ನು ಈ ವರ್ಷದ ಎಳೆ ಬೇರು ಹಿಡಿಯಲಾರದು. ಟಾರ್ಪಾಲ್ ಅಂಚಿನಲ್ಲಿ ನಿಲ್ಲಿಸಬೇಡಿ, ಬಿರುಕು ದಾಟಿ 5 ಅಡಿ ಮೇಲಿನವರೆಗೆ ಹೊದಿಸಿ, ಮೇಲಂಚನ್ನು ಮಣ್ಣಲ್ಲಿ ಹೂಳಿ. ಇಲ್ಲದಿದ್ದರೆ ನೀರು ಅದರ ಅಡಿಗೇ ನುಗ್ಗುತ್ತದೆ. ಸಿಲ್ವರ್ ಗಾಳಿಗೆ ತೂಗಿ ಅಂಚನ್ನು ಸಡಿಲಿಸುತ್ತದೆ. ಕಡಿಸಿ, ಬುಡ ಮಾತ್ರ ಕೀಳಿಸಬೇಡಿ.

ತೀರ್ಥಹಳ್ಳಿಯಿಂದ:
ಬಿರುಕಿನ ಎರಡೂ ಬದಿಗೆ 2 ಅಡಿ ಆಳಕ್ಕೆ ಕಬ್ಬಿಣದ ಸರಳು ಹೊಡೆದು, ತಲೆಗೆ ಗರಗಸದಲ್ಲಿ ಗೀರು ಹಾಕಿ. ಇಂಥ ಮೂರು ಜೋಡಿ ಸಾಕು. ಗೀರಿನಿಂದ ಗೀರಿಗೆ ಮಿ.ಮೀ.ನಲ್ಲಿ ಅಳೆದು ದಿನಾಂಕದ ಜೊತೆ ಬರೆದಿಡಿ. ಒಟ್ಟು ಎಷ್ಟು ಸರಿಯಿತು ಅನ್ನುವುದಕ್ಕಿಂತ ವೇಗ ಮುಖ್ಯ. ದಿನಕ್ಕೆ 1 ಮಿ.ಮೀ. ಇದ್ದದ್ದು 2, 4 ಆಗತೊಡಗಿದರೆ, ಮಳೆ ಬಿಟ್ಟಿದ್ದರೂ ಮನೆ ಖಾಲಿ ಮಾಡಿ. ಒಳಗಿಳಿದ ನೀರು ಮಳೆ ನಿಂತ ಮೇಲೂ ಕೆಲಸ ಮಾಡುತ್ತಿರುತ್ತದೆ. ಬುಡದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ, ಹಿಂಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡರೆ ಅಳೆಯುತ್ತ ಕೂರಬೇಡಿ. ಆಗಸ್ಟ್ ಮುಗಿಯುವವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ, ಅಲ್ಲಿ ಸೌದೆ ಪೇರಿಸಿ.