ಪದಚರ್ಚೆ: ಕರಗು, ಹೆಪ್ಪುಗಟ್ಟು, ಹನಿಗಟ್ಟು – ಶಾಲೆಯ ಗೋಡೆಗೆ ನಾಡಿದ್ದರೊಳಗೆ ಬೇಕು

ಅಕ್ಕೋರೇ, ನಿಮ್ಮ ಪ್ರಶ್ನೆ ನೋಡಿದೆ. ಪೇಂಟರ್ ನಾಡಿದ್ದು ಬರುತ್ತಾರೆ. ಗೋಡೆಯ ಮೇಲೆ ಘನ, ದ್ರವ, ಅನಿಲ ಅಂತ ಮೂರು ಗೋಲ, ನಡುವೆ ಆರು ಬಾಣ, ಒಂದೊಂದು ಬಾಣದ ಮೇಲೆ ಒಂದೆರಡು ಪದಕ್ಕಷ್ಟೇ ಜಾಗ. ಯಾವ ಬಾಣಕ್ಕೆ ಯಾವ ಕನ್ನಡ ಪದ, ನೀವು ಕೇಳಿದ್ದು ಇಷ್ಟೇ. ಬಂದ ಉತ್ತರಗಳಲ್ಲಿ ‘ಹೆರೆ’ (ಹಳೆಯ ರೂಪ ‘ಪೆರೆ’) ಅನ್ನುವ ಪದದ ಮೂಲ ಚರ್ಚೆ ಇದೆ, ದ್ರವೀಕರಣದಂಥ ಪದಗಳ ಬಾಲದ ‘ಈಕರಣ’ ಬೇಕೋ ಬೇಡವೋ ಅನ್ನುವ ಜಗಳ ಇದೆ, ಬಾಣದ ಮೇಲೆ ಬರೆಯೋ ಪದ ಮಾತ್ರ ಇನ್ನೂ ಬಂದಿಲ್ಲ. ಮೊದಲು ಅದನ್ನು ಕೊಟ್ಟುಬಿಡುತ್ತೇನೆ.

ಘನದಿಂದ ದ್ರವ: ಕರಗು. ದ್ರವದಿಂದ ಘನ: ಹೆಪ್ಪುಗಟ್ಟು. ದ್ರವದಿಂದ ಅನಿಲ: ಆವಿಯಾಗು. ಅನಿಲದಿಂದ ದ್ರವ: ಹನಿಗಟ್ಟು. ಇನ್ನೆರಡು ಬಾಣ ದ್ರವವನ್ನು ಮುಟ್ಟದೇ ದಾಟುವಂಥವು. ಘನದಿಂದ ಅನಿಲಕ್ಕೆ ‘ನೇರ ಆವಿಯಾಗು’, ಅನಿಲದಿಂದ ಘನಕ್ಕೆ ‘ನೇರ ಹೆಪ್ಪುಗಟ್ಟು’. ಪಠ್ಯಪುಸ್ತಕದ ಪದಗಳನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿ, ಪರೀಕ್ಷೆಗೆ ಮಕ್ಕಳಿಗೆ ಅವೂ ಬೇಕಲ್ವಾ. ಆದರೆ ದೊಡ್ಡ ಅಕ್ಷರ ಕ್ರಿಯಾಪದಕ್ಕೇ ಇರಲಿ. ಬಾಣ ಅಂದರೆ ಏನೋ ಆಗುತ್ತಿದೆ ಅಂತ. ಆಗುವುದನ್ನು ಹೇಳೋಕೆ ಕನ್ನಡದಲ್ಲಿ ಕ್ರಿಯಾಪದ ಇರುವಾಗ ಅದನ್ನು ನಾಮಪದ ಮಾಡಿ ಬಾಲ ಅಂಟಿಸುವುದು ಯಾಕೆ?

ಈಗ ತಕರಾರುಗಳಿಗೆ ಬರೋಣ. ಒಬ್ಬರು ಎರಡೇ ಸಾಲಲ್ಲಿ ಮುಗಿಸಿದ್ದಾರೆ: ‘ಕರಗು ನಡೆಯದು. ಬೆಣ್ಣೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ದ್ರವೀಕರಣ ಅಂತ ಬರೆಯಿರಿ.’ ಮೊದಲರ್ಧ ಖರೆ. ಬೆಂಕಿಯ ಮೇಲಿಟ್ಟ ಬೆಣ್ಣೆ ಕರಗುವುದೂ ಚಹಾದಲ್ಲಿ ಸಕ್ಕರೆ ಕರಗುವುದೂ ಕನ್ನಡಕ್ಕೆ ಒಂದೇ ಪದ, ವಿಜ್ಞಾನಕ್ಕೆ ಎರಡು ಬೇರೆ ಕೆಲಸ. ಬೆಣ್ಣೆ ಬರೀ ಬಿಸಿಯಿಂದ ಕರಗುತ್ತದೆ. ಸಕ್ಕರೆಗೆ ನೀರು ಬೇಕು, ಅದು ನೀರಿನ ಒಳಗೆ ಸೇರಿಕೊಳ್ಳುತ್ತದೆ. ಆದರೆ ದ್ರವೀಕರಣ ಬರೆದರೆ ಈ ಗೊಂದಲ ಹೋಗುತ್ತದಾ? ಹೋಗುವುದಿಲ್ಲ, ಇನ್ನೊಂದು ಹುಟ್ಟುತ್ತದೆ. ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದಕ್ಕೆ ‘ದ್ರವೀಕೃತ ಪೆಟ್ರೋಲಿಯಂ ಅನಿಲ’ ಅಂತಲೇ ಹೆಸರು. ಅಲ್ಲಿ ಅನಿಲವನ್ನು ಒತ್ತಿ ದ್ರವ ಮಾಡಿದ್ದಾರೆ. ಅಂದರೆ ದ್ರವೀಕರಣ ಅನ್ನುವ ಪದ ನಿಮ್ಮ ಗೋಡೆಯಲ್ಲಿ ಎರಡು ಬಾಣಕ್ಕೆ ಕೂರುತ್ತದೆ. ಎರಡು ಬಾಣಕ್ಕೆ ಕೂರುವ ಪದ ಈ ಚಿತ್ರಕ್ಕೆ ಬೇಡ.

ನನ್ನ ಅನುಭವದಲ್ಲಿ ಇಂಥ ಬೋರ್ಡುಗಳಲ್ಲಿ ಪದಕ್ಕಿಂತ ಪದದ ಪಕ್ಕ ಬರೆದ ಉದಾಹರಣೆಯೇ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಇದನ್ನು ನಾನು ಒತ್ತಿ ಹೇಳಬೇಕು. ನಿಮ್ಮ ಕರಡಿನಲ್ಲಿ ‘ಕರಗು’ ಬಾಣದ ಪಕ್ಕ ಮಳೆಗಾಲದ ಉಪ್ಪಿನ ಭರಣಿ ಇದೆ. ದಯಮಾಡಿ ಅದನ್ನು ತೆಗೆಯಿರಿ. ನಮ್ಮ ಕರಾವಳಿಯ ಯಾವ ಮನೆಯಲ್ಲೂ ಜೂನ್ ಬಂದರೆ ಆಗರದ (ಸಮುದ್ರದ ನೀರು ಒಣಗಿಸುವ ಗದ್ದೆಯ) ಉಪ್ಪು ನೀರೊಡೆಯುತ್ತದೆ, ಭರಣಿಯ ತಳದಲ್ಲಿ ನೀರು ನಿಲ್ಲುತ್ತದೆ, ‘ಉಪ್ಪು ಕರಗಿಹೋಯ್ತು’ ಅನ್ನುತ್ತೇವೆ. ಅಲ್ಲಿ ಉಪ್ಪು ದ್ರವ ಆಗಿದ್ದಲ್ಲ. ಉಪ್ಪು ನಿಜವಾಗಿ ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಸಮುದ್ರದ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಷಿಯಂ ಕ್ಲೋರೈಡ್ ಸೇರಿರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ ನೀರಿನಲ್ಲಿ ಉಪ್ಪು ಬೆರೆಯುತ್ತದೆ. ನೀರು ಹೊರಗಿಂದ ಬಂದದ್ದು. ಮಕ್ಕಳು ದಿನಾ ಮನೆಯಲ್ಲಿ ನೋಡುವ ವಸ್ತು ಇದು, ಅದಕ್ಕೇ ಗೋಡೆಯಲ್ಲಿ ತಪ್ಪು ಕೂತರೆ ಅಳಿಸುವುದು ಕಷ್ಟ.

ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರದಲ್ಲೂ ಇದೇ ಎಚ್ಚರ ಬೇಕು. ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಹರಳುಗಟ್ಟುತ್ತದೆ. ‘ಆವಿಯಾಗು’ ಬಾಣಕ್ಕೆ ಇದಕ್ಕಿಂತ ಚೆಂದದ ಚಿತ್ರ ಬೇರೆ ಇಲ್ಲ, ಕುದಿಯದೇನೇ ನೀರು ಆವಿಯಾಗುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ. ಆದರೆ ಕೆಳಗೆ ಉಳಿದ ಉಪ್ಪನ್ನು ‘ಹೆಪ್ಪುಗಟ್ಟು’ ಬಾಣಕ್ಕೆ ಎಳೆಯಬೇಡಿ. ಅದು ಮೊದಲೂ ಕರಗಿದ ಉಪ್ಪಾಗಿರಲಿಲ್ಲ, ನೀರಿನಲ್ಲಿ ಬೆರೆತ ಉಪ್ಪಾಗಿತ್ತು. ಹರಳುಗಟ್ಟು ಬೇರೆ, ಹೆಪ್ಪುಗಟ್ಟು ಬೇರೆ. ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದ ಇದೆ. ಈ ಭೇದ ನಮ್ಮ ಮಾತಿನಲ್ಲೇ ಇದೆ, ಉಳಿಸಿಕೊಳ್ಳೋಣ.

ಹಾಗಾದರೆ ‘ಕರಗು’ವಿಗೆ ಏನು ಹಾಕುವುದು? ಮುರುಗಲ ತುಪ್ಪ, ಅಂದರೆ ಮುರುಗಲ (ಕೋಕಂ) ಬೀಜದಿಂದ ತೆಗೆದ ಕೊಬ್ಬು, ಹಾಕಿ. ಹಿಮ್ಮಡಿ ಒಡೆದರೆ ಹಚ್ಚೋಕೆ ಘಟ್ಟದ ಮೇಲೆ, ಕೆಳಗೆ ಎಲ್ಲರ ಮನೆಯಲ್ಲೂ ಒಂದು ಉಂಡೆ ಇರುತ್ತದೆ. ನಮ್ಮ ಸೆಕೆಯಲ್ಲೂ ಗಟ್ಟಿಯಾಗೇ ಇರುತ್ತದೆ, 40 ಡಿಗ್ರಿಯ ಆಸುಪಾಸು ಬಿಸಿ ತಾಗಿದರೆ ಕರಗುತ್ತದೆ, ತಣಿದರೆ ಮತ್ತೆ ಹೆಪ್ಪುಗಟ್ಟುತ್ತದೆ. ನೀರಿಲ್ಲ, ಬೇರೆ ಏನೂ ಬೆರೆಸಿಲ್ಲ, ಬರೀ ಬಿಸಿಯ ಆಟ. ಒಂದೇ ಉಂಡೆಯಲ್ಲಿ ಎರಡು ಬಾಣ ಮುಗಿಯಿತು. ಕೊಬ್ಬರಿ ಎಣ್ಣೆಯೂ ಆಗಬಹುದು. ಅದು 24-25 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಶಿರಸಿಯಲ್ಲಿ ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕಾರವಾರದ ಮಕ್ಕಳಿಗೆ ಅದು ಅಷ್ಟು ಕಾಣಸಿಗುವುದಿಲ್ಲ.

ಇನ್ನು ಹೆರೆಯ ವಿಷಯ. ಶಿರಸಿಯ ಹಿರಿಯರು ‘ಹೆಪ್ಪು ಮೊಸರಿಗೆ, ರಕ್ತಕ್ಕೆ. ತಣಿದು ಗಟ್ಟಿಯಾಗುವುದಕ್ಕೆ ಅಚ್ಚಗನ್ನಡ ಹೆರೆ, ಹೆರೆತ ತುಪ್ಪ ಅಂತ ಕೇಳಿಲ್ಲವೇ’ ಎಂದು ಬರೆದಿದ್ದಾರೆ. ಕೇಳಿದ್ದೇವೆ ಸ್ವಾಮಿ. ಒಳ್ಳೆಯ ಪದ, ಹಳೆಯ ಪದ, ಅರ್ಥವೂ ಸರಿ. ಆದರೆ ಈ ಗೋಡೆ ಇರುವುದು ಉತ್ತರ ಕನ್ನಡದ ಶಾಲೆಯಲ್ಲಿ. ಇಲ್ಲಿ ಹೆರೆ ಅಂದ ಕೂಡಲೇ ಮಗುವಿನ ಕಣ್ಣಿಗೆ ಬರುವುದು ಹೆರೆಮಣೆ. ಅಮ್ಮ ಕಾಯಿ ಹೆರೆಯುತ್ತಾಳೆ, ನೀರು ಹೆರೆಯುತ್ತದೆ ಅಂದರೆ ಆ ಮಗು ಏನು ತಿಳಿಯಬೇಕು? ಪದ ಎಷ್ಟು ಶುದ್ಧ ಅನ್ನುವುದಕ್ಕಿಂತ ಯಾರ ಕಿವಿಗೆ ಬೀಳುತ್ತದೆ ಅನ್ನುವುದು ನನಗೆ ಮುಖ್ಯ. ಮೊಸರಿನ ಬಗ್ಗೆ ಅವರು ಹೇಳಿದ್ದು ಸರಿಯೇ, ಮೊಸರು ತಿರುಗಿ ಹಾಲಾಗುವುದಿಲ್ಲ, ಅಲ್ಲಿ ನಡೆಯುವುದೇ ಬೇರೆ. ಅದಕ್ಕೆ ಮೊಸರನ್ನು ಉದಾಹರಣೆಯಾಗಿ ಬರೆಯಬೇಡಿ, ಅಷ್ಟೇ. ಪದ ಬಿಡಬೇಕಾಗಿಲ್ಲ. ಚಳಿ ದೇಶದ ಕೆರೆ ಹೆಪ್ಪುಗಟ್ಟಿತು ಅಂತ ಪತ್ರಿಕೆ ಓದುವವರೆಲ್ಲ ಓದಿದ್ದಾರೆ, ಯಾರಿಗೂ ಅಲ್ಲಿ ಮೊಸರು ನೆನಪಾಗಿಲ್ಲ.

ಆವಿ ನೀರಾಗುವುದಕ್ಕೆ ಪಠ್ಯದಲ್ಲಿರುವ ‘ಸಾಂದ್ರೀಕರಣ’ದ ಬಗ್ಗೆ ನನಗೆ ಸಿಟ್ಟೇ ಇದೆ. ಪುಸ್ತಕದಲ್ಲಿ ಇದೆ, ಬದಲಾಗುವುದಿಲ್ಲ, ಸಣ್ಣ ಅಕ್ಷರದಲ್ಲಿ ಬರೆಯಿರಿ. ಆದರೆ ಸಾಂದ್ರ ಅಂದರೆ ದಟ್ಟ. ಸಾಂದ್ರ ಆಮ್ಲ ಅಂತ ಅದೇ ಮಕ್ಕಳು ಇನ್ನೊಂದು ಪಾಠದಲ್ಲಿ ಓದುತ್ತಾರೆ, ಅಲ್ಲಿ ಅರ್ಥ ನೀರು ಕಡಿಮೆ, ಆಮ್ಲ ಜಾಸ್ತಿ ಅಂತ. ಕಬ್ಬಿನ ಹಾಲು ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿದು ಕುದಿದು ಜೋನಿ ಬೆಲ್ಲ ಆಗುವುದು ಸಾಂದ್ರ ಆಗುವುದು. ಅದು ಆವಿ ನೀರಾಗುವುದರ ಉಲ್ಟಾ! ನೀರು ಆವಿಯಾಗಿ ಹೋಗಿದ್ದರಿಂದಲೇ ಬೆಲ್ಲ ದಟ್ಟವಾದದ್ದು. ತಣ್ಣನೆ ತಂಬಿಗೆಯ ಹೊರಮೈ ಬೆವರುತ್ತದಲ್ಲ, ಅನ್ನದ ತಪ್ಪಲೆಯ ಮುಚ್ಚಳ ತೆಗೆದರೆ ಒಳಗಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದನ್ನು ನೋಡಿದ ಯಾರೂ ‘ಹನಿಗಟ್ಟು’ ಅಂದರೆ ಅರ್ಥವಾಗಲಿಲ್ಲ ಅನ್ನುವುದಿಲ್ಲ. ಇನ್ನೊಂದು, ಆವಿ ಮತ್ತು ಹಬೆ ಒಂದೇ ಅಂತ ಬರೆಯಬೇಡಿ. ಇಡ್ಲಿ ಪಾತ್ರೆಯ ಮೇಲೆ ಬೆಳ್ಳಗೆ ಕಾಣುವುದು ಹಬೆ, ಅದರಲ್ಲಿ ಈಗಾಗಲೇ ಸಣ್ಣ ಸಣ್ಣ ನೀರ ಹನಿ ಇವೆ. ನೀರಿನ ಆವಿ ಕಣ್ಣಿಗೆ ಕಾಣುವುದೇ ಇಲ್ಲ.

ಘನ ನೇರ ಅನಿಲ ಆಗುವುದಕ್ಕೆ ಪುಸ್ತಕದ ಪದ ‘ಉತ್ಪತನ’. ಅದನ್ನು ಕಿತ್ತುಹಾಕಿ ಅಂತ ಒಬ್ಬರು, ಅದೊಂದೇ ಶಾಸ್ತ್ರೀಯ ಅಂತ ಇನ್ನೊಬ್ಬರು. ಸಂಸ್ಕೃತದ ‘ಪತ್’ ಧಾತುವಿಗೆ ಹಾರು, ಬೀಳು ಎರಡೂ ಅರ್ಥ ಇದೆ, ಉತ್ ಸೇರಿದರೆ ಮೇಲಕ್ಕೆ ಹಾರುವುದು. ಕನ್ನಡದಲ್ಲಿ ನಾವು ಪತನ ಅನ್ನುವುದು ಬೀಳುವುದಕ್ಕೆ ಮಾತ್ರ. ಸರಕಾರ ಪತನ, ವಿಮಾನ ಪತನ. ಹಾಗಾಗಿ ಆ ಪದ ಮಗುವಿಗೆ ತಾನಾಗಿ ಏನೂ ಹೇಳುವುದಿಲ್ಲ, ಸುಮ್ನೆ ಬಾಯಿಪಾಠ ಮಾಡಬೇಕು. ಮಾಡಲಿ, ಒಂದು ಪದ ತಾನೇ. ಮೇಲೆ ‘ನೇರ ಆವಿಯಾಗು’ ಇದ್ದರೆ ಸಾಕು. ಉದಾಹರಣೆಗೆ ಕರ್ಪೂರ ಸರಿ, ಆದರೆ ಆರತಿಯ ಕರ್ಪೂರ ಬೇಡ. ಅಲ್ಲಿ ಉರಿ ಇದೆ, ಉರಿಯುವುದು ಬೇರೆ ಕತೆ. ಡಬ್ಬಿಯ ಕರ್ಪೂರ ಬರೆಸಿ. ಅದು ತಾನಾಗಿ ಸವೆಯುತ್ತದೆ ಅಂತಲೇ ನಮ್ಮಲ್ಲಿ ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕಿಡುವ ರೂಢಿ. ಬಹಳ ದಿನ ತೆಗೆಯದ ಡಬ್ಬಿಯ ಮುಚ್ಚಳದ ಒಳಬದಿ ನೋಡಿ, ಕರ್ಪೂರದ ಸಣ್ಣ ಹರಳು ಹಿಡಿದಿರುತ್ತದೆ. ಆವಿಯಾಗಿ ಹೋದದ್ದು ಅಲ್ಲಿ ನೇರ ಗಟ್ಟಿಯಾಗಿದೆ. ಆರನೆಯ ಬಾಣವೂ ಅದೇ ಡಬ್ಬಿಯಲ್ಲಿ.

ಕೊನೆಗೆ ಐಸ್. ‘ಮಂಜುಗಡ್ಡೆ ಬರೆಯದಿದ್ದರೆ ಅದು ಕನ್ನಡ ಬೋರ್ಡೇ ಅಲ್ಲ’ ಅಂತ ಒಬ್ಬರು, ‘ಎಲ್ಲ ಬಿಟ್ಟು ಮೆಲ್ಟಿಂಗ್, ಫ್ರೀಝಿಂಗ್ ಬರೆದುಬಿಡಿ, ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ’ ಅಂತ ಇನ್ನೊಬ್ಬರು. ಇಬ್ಬರೂ ಒಮ್ಮೆ ಕಾರವಾರದ ಬೈತಖೋಲ್ ಮೀನುಗಾರಿಕೆ ಬಂದರಿಗೆ ಹೋಗಿ ಬರಲಿ. ದೋಣಿಗೆ ತುಂಬುವುದು ಐಸ್, ಮೀನಿಗೆ ಹಾಕುವುದು ಐಸ್. ಹೊಳೆ ಸಮುದ್ರ ಸೇರುವ ಈ ಊರುಗಳಲ್ಲಿ ಮಂಜು ಅಂದರೆ ಬೆಳಗ್ಗೆ ಕವಿಯುವುದು, ಅದನ್ನು ಗಡ್ಡೆ ಮಾಡಿ ಯಾರೂ ಮೀನಿಗೆ ಹಾಕಿಲ್ಲ. ಬಟಾಟೆ ಪೋರ್ಚುಗೀಸ್, ಜನೇಲು ಪೋರ್ಚುಗೀಸ್, ತಿಂಗಳ ಪಗಾರವೂ ಪೋರ್ಚುಗೀಸ್. ಅವು ಬಂದವು ಅಂತ ನಮ್ಮ ಮಾತು ಬಡವಾಗಲಿಲ್ಲ. ಇಂಗ್ಲಿಷಿನವರ ಗ್ಯಾಸ್ ಅನ್ನುವ ಪದವನ್ನೂ 17ನೇ ಶತಮಾನದಲ್ಲಿ ರಸಾಯನಶಾಸ್ತ್ರಜ್ಞ ವಾನ್ ಹೆಲ್ಮಾಂಟ್ ಗ್ರೀಕಿನ ‘ಖಾವೋಸ್’ನಿಂದ ಕಟ್ಟಿದ್ದು. ವಸ್ತುವಿನ ಹೆಸರು ಹೊರಗಿಂದ ಬರಲಿ, ತೊಂದರೆಯಿಲ್ಲ. ಕ್ರಿಯಾಪದ ಮಾತ್ರ ನಮ್ಮದೇ ಇರಬೇಕು, ಯಾಕೆಂದರೆ ವಾಕ್ಯ ಕಟ್ಟುವುದು ಅದರಿಂದ. ‘ಐಸ್ ಕರಗಿತು’ ಪೂರಾ ಕನ್ನಡ. ‘ಐಸ್ ಮೆಲ್ಟ್ ಆಯಿತು’ ಅಂದಾಗ ಕರಗು ಅನ್ನುವುದು ನಾಲಿಗೆಯಿಂದ ಜಾರುತ್ತಾ ಹೋಗುತ್ತದೆ, ನನಗೆ ಸಂಕಟ ಆಗುವುದು ಅಲ್ಲಿ.

ಅಕ್ಕೋರೇ, ಸಾಧ್ಯವಾದರೆ ಮಕ್ಕಳನ್ನು ಒಂದು ಐಸ್ ಫ್ಯಾಕ್ಟರಿಗೆ ಕರೆದುಕೊಂಡು ಹೋಗಿ. ಉದ್ದ ತಗಡಿನ ಡಬ್ಬಿಗಳಲ್ಲಿ ನೀರು ತುಂಬಿ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟಿರುತ್ತಾರೆ. ಉಪ್ಪು ಇರುವುದರಿಂದ ಆ ತೊಟ್ಟಿಯ ನೀರು ಸೊನ್ನೆಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ, ಡಬ್ಬಿಯ ಒಳಗಿನ ಸಿಹಿನೀರು ಹೆಪ್ಪುಗಟ್ಟುತ್ತದೆ. ಪೈಪಿನೊಳಗೆ ಅಮೋನಿಯಾ ಆವಿಯಾಗುತ್ತಾ ಬಿಸಿಯನ್ನು ಎಳೆದುಕೊಳ್ಳುತ್ತದೆ, ಯಂತ್ರ ಅದನ್ನು ಒತ್ತಿದ ಮೇಲೆ ಇನ್ನೊಂದು ಕಡೆ ತಣಿದು ಮತ್ತೆ ದ್ರವ ಆಗುತ್ತದೆ. ಡಬ್ಬಿಯನ್ನು ಮೇಲೆತ್ತಿ ಸಾದಾ ನೀರಿನಲ್ಲಿ ಒಮ್ಮೆ ಅದ್ದುತ್ತಾರೆ. ಹೊರಪದರ ಕರಗುತ್ತದೆ, ಇಡೀ ಗಡ್ಡೆ ಜಾರಿ ಹೊರಗೆ ಬರುತ್ತದೆ. ಅಂಚಿನಲ್ಲಿ ಗಾಜಿನ ಹಾಗೆ ತಿಳಿ, ನಟ್ಟನಡುವೆ ಬಿಳಿ. ನೀರಿನಲ್ಲಿದ್ದ ಗಾಳಿಯೆಲ್ಲ ಒಳಕ್ಕೆ ಸರಿದು ಸಿಕ್ಕಿಕೊಂಡದ್ದು ಆ ಬಿಳಿ. ತಣ್ಣನೆ ಪೈಪುಗಳ ಮೇಲೆ ಹಿಡಿದ ಬೆಳ್ಳನೆ ಪದರವನ್ನೂ ತೋರಿಸಿ, ಅದು ಗಾಳಿಯಲ್ಲಿದ್ದ ನೀರಿನ ಆವಿಯೇ ಬಂದು ನೇರ ಹೆಪ್ಪುಗಟ್ಟಿ ಕೂತದ್ದು. ಅಮೋನಿಯಾ ಕೆಟ್ಟದ್ದು, ಮಕ್ಕಳು ದೂರ ನಿಂತೇ ನೋಡಲಿ.

ಪೇಂಟರಿಗೆ ಕೊಡುವ ಹಾಳೆಯಲ್ಲಿ ‘ಹೆಪ್ಪುಗಟ್ಟು’ವಿನ ಒತ್ತಕ್ಷರಗಳನ್ನು ದೊಡ್ಡದಾಗಿ ಬರೆದುಕೊಡಿ. ‘ಕುದಿ’ ಅಂತ ಏಳನೆಯ ಪದ ಸೇರಿಸಿ ಅಂತ ಯಾರೋ ಹೇಳಿದ್ದಾರಲ್ಲ, ಅದು ಬೇಡ. ಕುದಿಯುವುದೂ ಆವಿಯಾಗುವುದರ ಒಂದು ಬಗೆಯೇ, ಬಾಣ ಅದೇ. ಬರೆಯಲೇಬೇಕು ಅಂದರೆ ಆ ಬಾಣದ ಕೆಳಗೆ ‘ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ನೀರು ಕುದಿಯುತ್ತದೆ’ ಅಂತ ಪೂರ್ತಿ ಬರೆಸಿ. 600 ಮೀಟರ್ ಎತ್ತರದ ಆಸುಪಾಸಿನ ಶಿರಸಿಯಲ್ಲಿ ಅದು 98ಕ್ಕೇ ಕುದಿಯುತ್ತದೆ, ಅಲ್ಲಿಂದ ಯಾರಾದರೂ ಮಾಸ್ತರು ಈ ಗೋಡೆಯ ಫೋಟೋ ನೋಡಿ ನಕಲು ಮಾಡಿಕೊಂಡರೂ ಮಾತು ಸರಿಯಾಗೇ ಇರುತ್ತದೆ.